ನಿದ್ದೆ ಓಡಿಸುವ ಮೂರು ಮಾತ್ರೆ: ನನ್ನ ನಾಲ್ಕು ವರ್ಷದ ಲೆಕ್ಕ

ನನಗೆ ನಾರ್ಕೊಲೆಪ್ಸಿ, ಅಂದರೆ ಹಗಲಲ್ಲೂ ತಡೆಯಲಾಗದಷ್ಟು ನಿದ್ದೆ ಬರುವ ಕಾಯಿಲೆ. ಗೊತ್ತಾಗುವ ಮೊದಲು ಮನೆಯಲ್ಲಿ ಕುಂಭಕರ್ಣನ ತಂಗಿ ಅನ್ನುತ್ತಿದ್ದರು. ಆ ತಂಗಿ ಶೂರ್ಪನಖಿ ಅಂತ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಸ್ಲೀಪ್ ಲ್ಯಾಬಿನಲ್ಲಿ ಹಗಲು ಹೊತ್ತು ಎರಡೆರಡು ಗಂಟೆಗೊಮ್ಮೆ ಐದು ಸಲ ಮಲಗಿಸಿ ನೋಡಿದರು. ಐದೂ ಸಲ ಮಲಗಿದ್ದೇ ನಿದ್ದೆ.

ಮೊದಲು ಕೊಟ್ಟಿದ್ದು ಮೊಡಾಫಿನಿಲ್, 200 ಮಿಲಿಗ್ರಾಂ. ಬೆಳಗ್ಗೆ 5:30ಕ್ಕೆ ಅಲಾರಂ. ದಿಂಬಿನ ಪಕ್ಕದ ಸ್ಟೀಲ್ ಡಬ್ಬಿಯಿಂದ ಕತ್ತಲಲ್ಲೇ ಮಾತ್ರೆ ತಡಕಿ ತೆಗೆದು, ಅರ್ಧ ಲೋಟ ನೀರು ಕುಡಿದು ಮತ್ತೆ ಮಲಗುವುದು. ಒಂದು ಗಂಟೆಯಲ್ಲಿ ಕಣ್ಣು ತಾನಾಗೇ ಬಿಡುತ್ತದೆ. ಯಾರೂ ಅಲುಗಾಡಿಸಬೇಕಿಲ್ಲ, ಬೈಯಬೇಕಿಲ್ಲ. ಸ್ಟ್ರಾಂಗ್ ಕಾಫಿ ಕುಡಿದಾಗ ಬರುವ ಎದೆಬಡಿತವೂ ಇಲ್ಲ. ಸುಮ್ನೆ ಎಚ್ಚರ. ಮೊದಲ ವಾರ ತಲೆನೋವಿತ್ತು, ಹೋಯಿತು. ಎಷ್ಟೋ ವರ್ಷದ ನಂತರ ಬಸ್ಸಿನಲ್ಲಿ ನನ್ನ ಸ್ಟಾಪಿನಲ್ಲೇ ಇಳಿದೆ.

ಈಗ ಕೋಪದ ವಿಷಯ. ಆಗ ನಾನು ಗರ್ಭನಿರೋಧಕ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೆ. ಮೊಡಾಫಿನಿಲ್ ಲಿವರನ್ನು ಚುರುಕು ಮಾಡಿ ಆ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತದೆ. ಮೊಡಾಫಿನಿಲ್ ನಿಲ್ಲಿಸಿದರೂ ಇನ್ನೊಂದು ತಿಂಗಳು ಗರ್ಭನಿರೋಧಕವನ್ನು ನಂಬುವಂತಿಲ್ಲ. ಬರೆದುಕೊಟ್ಟವರು ಹೇಳಲಿಲ್ಲ. ಮೆಡಿಕಲ್ ಶಾಪಿನವರೂ ಹೇಳಲಿಲ್ಲ. ಏಳು ತಿಂಗಳಾದ ಮೇಲೆ ಬೇರೇನಕ್ಕೋ ಹೋದಾಗ ಹೆರಿಗೆ ಡಾಕ್ಟರು ನನ್ನ ಚೀಟಿ ನೋಡಿ ಬೆಚ್ಚಿಬಿದ್ದರು. ಏನೂ ಆಗಿರಲಿಲ್ಲ, ನನ್ನ ಪುಣ್ಯ. ಮದುವೆ ಆಗಿರಲಿ ಬಿಡಲಿ, ಹೆಂಗಸಿಗೆ ಇದನ್ನು ಬರೆಯುವಾಗ ಮೊದಲು ಕೇಳಬೇಕಾದ್ದು ಅದನ್ನೇ ಅಲ್ವಾ? ನಾನು ಮುಂದೆ ತೆಗೆದುಕೊಂಡ ಆರ್ಮೊಡಾಫಿನಿಲ್‌ಗೂ ಇದೇ ಕಥೆ.

ಆ ಸಿಟ್ಟಿನಲ್ಲಿ ಡಾಕ್ಟರನ್ನೂ ಬದಲಾಯಿಸಿದೆ, ಮಾತ್ರೆಯನ್ನೂ. ಆರ್ಮೊಡಾಫಿನಿಲ್ 150. ಮೊಡಾಫಿನಿಲ್‌ನಲ್ಲಿ ಎಡಗೈ ಬಲಗೈ ಹಾಗೆ ಎರಡು ರೂಪ ಬೆರೆತಿರುತ್ತವೆ. ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುವ ಕೈ ಮಾತ್ರ ಇದರಲ್ಲಿದೆ. ಅನ್ನ ಸಾರು ಉಂಡ ಮೇಲೆ ಮೂರು ಗಂಟೆಗೆ ಬರುತ್ತಿದ್ದ ತೂಕಡಿಕೆ ನಿಂತಿತು. ಆದರೆ ರಾತ್ರಿ ಹನ್ನೆರಡಾದರೂ ಫ್ಯಾನ್ ನೋಡುತ್ತಾ ಬಿದ್ದಿರುತ್ತಿದ್ದೆ. ನಾರ್ಕೊಲೆಪ್ಸಿ ಇರುವವಳಿಗೆ ನಿದ್ದೆ ಬರುತ್ತಿಲ್ಲ ಅಂದರೆ ಯಾರು ನಂಬುತ್ತಾರೆ?

ಮೂರನೆಯ ಮಾತ್ರೆ ಮೀಥೈಲ್‌ಫೆನಿಡೇಟ್ ನನಗೆ ಹಿಡಿಸಲಿಲ್ಲ. ಬೇಗ ಹತ್ತುತ್ತದೆ, ನಾಲ್ಕು ಗಂಟೆಯೊಳಗೆ ಇಳಿಯುತ್ತದೆ. ಇಳಿಯುವಾಗ ಮಕ್ಕಳ ಮೇಲೆ ರೇಗಾಟ. ಹಸಿವೂ ಸತ್ತು ದೋಸೆ ತಟ್ಟೆಯಲ್ಲೇ ಆರುತ್ತಿತ್ತು. ಮೇಲಾಗಿ ಅದು ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ಔಷಧಿ, ಎಲ್ಲ ಅಂಗಡಿಯಲ್ಲೂ ಇಡುವುದಿಲ್ಲ. ಮಾತ್ರೆಗಿಂತ ಆಟೋ ಖರ್ಚೇ ಜಾಸ್ತಿ.

ಕೊನೆಗೆ ಮೊಡಾಫಿನಿಲ್‌ಗೇ ವಾಪಸ್ ಬಂದೆ. ಹೊಸ ಡಾಕ್ಟರು ಬೆಳಗ್ಗೆ 100, ಮಧ್ಯಾಹ್ನ 100 ಅಂತ ಒಡೆದುಕೊಟ್ಟಿದ್ದಾರೆ. ಊಟದ ವೇಳೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚುತ್ತೇನೆ. ಗರ್ಭನಿರೋಧಕ ಮಾತ್ರೆ ಬಿಟ್ಟು ಕಾಪರ್-ಟಿ ಹಾಕಿಸಿಕೊಂಡೆ, ಅದರಲ್ಲಿ ಹಾರ್ಮೋನಿನ ಗೊಡವೆಯೇ ಇಲ್ಲ.

ಮೊನ್ನೆ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಪರೀಕ್ಷೆಗೆ ಎರಡು ಮಾತ್ರೆ ಕೊಡು ಅಂತ ಕೇಳಿದ. ಕೊಡಲಿಲ್ಲ. ಡಬ್ಬಿ ಬೀರು ಸೇರಿದೆ. ಈಗ 5:30ಕ್ಕೆ ಎದ್ದು ಬೀಗದ ಕೈ ಹುಡುಕುವ ಕೆಲಸ ಬೇರೆ.