ರೆಗಾಲಿಯಾ: ಬೂದಿ ರೋಗ ಕಾಣುವ ಮುಂಚೆ ಹೊಡೆಯಬೇಕಾದ ಔಷಧಿ

ಎಲೆ ಮೇಲೆ ಬಿಳಿ ಪುಡಿ ಹರಡಿದ ನಂತರ ರೆಗಾಲಿಯಾ ಹೊಡೆದವರು ಇದನ್ನು ಬರೀ ನೀರು ಅಂತ ಬಯ್ಯುವುದು ಸಹಜ. ಗಂಧಕ ಸುಡುವ ಹಾಗೆ ಇದು ಶಿಲೀಂಧ್ರವನ್ನು ನೇರವಾಗಿ ಸುಡುವುದಿಲ್ಲ. ಜಯಂಟ್ ನಾಟ್‌ವೀಡ್ ಎಂಬ ಗಿಡದ ಸಾರ ಇದು. ಅದರಲ್ಲಿರುವ ಫಿಸಿಯಾನ್, ಎಮೋಡಿನ್‌ನಂಥ ರಾಸಾಯನಿಕಗಳು ತಾಗಿದ ಎಲೆ, ರೋಗ ತಗುಲಿತೆಂಬಂತೆ ಎಚ್ಚೆತ್ತು ರೋಗ ತಡೆಯುವ ತನ್ನದೇ ರಾಸಾಯನಿಕಗಳಾದ ಫೀನಾಲ್‌ಗಳನ್ನೂ ಫೈಟೊಅಲೆಕ್ಸಿನ್‌ಗಳನ್ನೂ ತಯಾರಿಸುತ್ತದೆ, ಕೋಶಭಿತ್ತಿ ಗಟ್ಟಿಯಾಗುತ್ತದೆ. ಇದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಎಲೆಯೊಳಗೆ ಬೇರೂರಿದ ಶಿಲೀಂಧ್ರಕ್ಕೆ ಏನೂ ಆಗದು.

ಲೇಬಲ್‌ನಲ್ಲಿರುವ ಪ್ರಮಾಣ ಶೇ. 0.5ರಿಂದ 1, ಅಂದರೆ ಲೀಟರ್‌ಗೆ 5ರಿಂದ 10 ಮಿ.ಲೀ. 15 ಲೀಟರ್ ಟ್ಯಾಂಕಿಗೆ 75ರಿಂದ 150 ಮಿ.ಲೀ. ಸಾಕು. ಡಬ್ಬಿಯನ್ನು ಚೆನ್ನಾಗಿ ಕುಲುಕಿ. ಸಾರ ತಳಕ್ಕೆ ಕೂತಿದ್ದರೆ ಮೊದಲ ಟ್ಯಾಂಕು ತೆಳು, ಕೊನೆಯದು ಗಾಢವಾಗುತ್ತದೆ. ಅರ್ಧ ಟ್ಯಾಂಕು ನೀರಿಗೆ ಔಷಧಿ ಸುರಿದು ಕಲಸಿ, ಉಳಿದ ನೀರು ಹಾಕಿ. ಕಲಸಿದ್ದನ್ನು ಅಂದೇ ಮುಗಿಸಿ.

ಹೊಡೆಯುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ರಕ್ಷಣೆ ಬಹುಪಾಲು ಔಷಧಿ ಬಿದ್ದ ಎಲೆಗೇ ಸೀಮಿತ. ಆದ್ದರಿಂದ ಎಲೆಯ ಅಡಿಭಾಗ, ಬಳ್ಳಿಯ ಒಳಗಿನ ಎಲೆಗಳು ಒದ್ದೆಯಾಗಲೇಬೇಕು. ನಾಝಲ್‌ನ್ನು ಕೆಳಗಿನಿಂದ ಮೇಲಕ್ಕೆ ಹಿಡಿದು ಸಣ್ಣ ಹನಿಯಲ್ಲಿ ಹೊಡೆಯಿರಿ. ಆಮೇಲೆ ಚಿಗುರಿದ ಎಲೆಗೆ ಯಾವ ಕಾವಲೂ ಇರುವುದಿಲ್ಲ. ಸೌತೆ, ಕುಂಬಳದಂಥ ಬೇಗ ಹಬ್ಬುವ ಬಳ್ಳಿಗೆ 7 ದಿನಕ್ಕೊಮ್ಮೆ ಬೇಕು. ನಿಧಾನವಾಗಿ ಬೆಳೆಯುವುದಕ್ಕೆ 10 ದಿನ ಆದೀತು.

ಬೂದಿ ರೋಗಕ್ಕೆ, ಅದರಲ್ಲೂ ಹಸಿರುಮನೆಯ ಸೌತೆಗೆ, ಇದನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. ಬೂಜು ತುಪ್ಪಟ ರೋಗಕ್ಕೆ (ಡೌನಿ ಮಿಲ್ಡ್ಯೂ) ಇದೊಂದನ್ನೇ ನೆಚ್ಚಿ ಕೂರಬೇಡಿ. ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ: ಬೂದಿ ರೋಗದ ಪುಡಿ ಹೆಚ್ಚಾಗಿ ಎಲೆಯ ಮೇಲ್ಭಾಗದಲ್ಲಿ ಕಾಣುತ್ತದೆ. ಸೌತೆಯ ಬೂಜು ತುಪ್ಪಟದಲ್ಲಾದರೆ ಮೇಲೆ ನರಗಳ ನಡುವೆ ಮೂಲೆಮೂಲೆಯಾದ ಹಳದಿ ಮಚ್ಚೆ, ಕೆಳಗೆ ಬೂದು ನೇರಳೆ ಬೂಷ್ಟು.

ರೋಗ ಈಗಾಗಲೇ ಕಾಣಿಸಿದ್ದರೆ? ಹೆಚ್ಚು ಹಾಳಾದ ಎಲೆಗಳನ್ನು ಕಿತ್ತು ಹಾಕಿ, ಮೊದಲು ಪೊಟ್ಯಾಶಿಯಂ ಬೈಕಾರ್ಬನೇಟ್ ಹೊಡೆದು ಹತೋಟಿಗೆ ತಂದು, ಹೊಸ ಎಲೆಗಳನ್ನು ಉಳಿಸಲು ರೆಗಾಲಿಯಾ ಬಳಸಿ. ಅಜಾಕ್ಸಿಸ್ಟ್ರೋಬಿನ್‌ನಂಥ ಶಿಲೀಂಧ್ರನಾಶಕಗಳಿಗೆ ಬಳ್ಳಿ ಬೆಳೆಗಳ ಬೂದಿ ರೋಗ ಹಲವೆಡೆ ಬಗ್ಗದಂತಾಗಿದೆ. ಔಷಧಿಗಳನ್ನು ಬದಲಿಸುತ್ತಾ ಹೊಡೆಯುವ ಸರದಿಯಲ್ಲಿ ನಡುವೆ ಸೇರಿಸಲು ಬೇರೆ ಬಗೆಯಲ್ಲಿ ಕೆಲಸ ಮಾಡುವ ಇಂಥದ್ದೊಂದು ಇರುವುದು ನಿಜಕ್ಕೂ ದೊಡ್ಡ ಅನುಕೂಲ.

ಅಮೆರಿಕದ ಲೇಬಲ್ ಪ್ರಕಾರ ಕೊಯ್ಲಿನ ದಿನವೂ ಹೊಡೆಯಬಹುದು, 4 ಗಂಟೆ ಬಿಟ್ಟು ಮತ್ತೆ ಬೆಳೆಯೊಳಗೆ ಹೋಗಬಹುದು. ಎರಡು ದಿನಕ್ಕೊಮ್ಮೆ ಕಾಯಿ ಕೀಳುವ ಸೌತೆ ಬೆಳೆಗಾರರಿಗೆ ಇದೇ ಮುಖ್ಯ. ಬೇರೆ ಔಷಧಿಯ ಜೊತೆ ಬೆರೆಸುವುದಿದ್ದರೆ ಮೊದಲು ಚಿಕ್ಕ ಪಾತ್ರೆಯಲ್ಲಿ ಕಲಸಿ, ಮಿಶ್ರಣ ಒಡೆದು ಬೇರ್ಪಡುತ್ತದೆಯೇ ನೋಡಿ, ನಾಲ್ಕಾರು ಗಿಡಗಳಿಗೆ ಹೊಡೆದು ಎಲೆ ಸುಡುವುದಿಲ್ಲವೆಂದು ಖಚಿತವಾದ ಮೇಲೆ ಉಳಿದ ಬೆಳೆಗೆ ಕೈ ಹಾಕಿ.