ಕೆಂಪು ಮಣ್ಣಲ್ಲಿ ಕಾಸು ಹುಡುಕುವ ಮೂರು ಮೆಟಲ್ ಡಿಟೆಕ್ಟರ್: ನಾನು ಉಳಿಸಿಕೊಂಡದ್ದು ಒಂದೇ

ಮೊದಲೇ ಹೇಳಿಬಿಡುತ್ತೇನೆ, ನಾನು ಉಳಿಸಿಕೊಂಡದ್ದು ನೋಕ್ಟಾದವರ ಸಿಂಪ್ಲೆಕ್ಸ್ ಪ್ಲಸ್. ಅದಕ್ಕೆ ಮುಂಚೆ ಆನ್‌ಲೈನಿನಲ್ಲಿ ಏಳು ಸಾವಿರ ಕೊಟ್ಟು ಒಂದು ಅಗ್ಗದ್ದು ತರಿಸಿ ಕೈಸುಟ್ಟುಕೊಂಡೆ. ಅದರ ಹೆಸರು ಬೇಡ, ಅದೇ ಯಂತ್ರ ನಾಲ್ಕು ಹೆಸರಲ್ಲಿ ಸಿಗುತ್ತದೆ. ಮೂರನೆಯದು ಮಂಜೇಶ್ವರದ ಭಾವನ ಮೈನ್‌ಲ್ಯಾಬ್ ವ್ಯಾನ್‌ಕ್ವಿಶ್ 340, ದೀಪಾವಳಿಗೆ ಬಂದವರು "ಒಂದು ತಿಂಗಳು ಇಟ್ಟುಕೋ ಭಾವ, ಹೇಗುಂಟು ಹೇಳು" ಅಂತ ಬಿಟ್ಟುಹೋದರು. ಒಂದು ತಿಂಗಳು ಎರಡಾಯಿತು.

ಈ ಹುಚ್ಚು ಶುರುವಾದದ್ದು ಅಡಕೆ ಸಸಿಯಿಂದ. ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ. ಅಜ್ಜನ ಕಾಲದ ಹಂಚಿನ ಮನೆ ಬಿದ್ದುಹೋಗಿ ಅಡಿ, ಅಂದರೆ ತಳಪಾಯ, ಮಾತ್ರ ಉಳಿದ ಜಾಗದಲ್ಲಿ ಸಸಿಗೆ ಗುಂಡಿ ತೆಗೆಯುವಾಗ ಒಂದು ತೂತಿನ ಕಾಸು ಸಿಕ್ಕಿತು. ನಮ್ಮ ಕಡೆ ಒಟ್ಟೆ ಮುಕ್ಕಾಲು ಅಂತ ಹೇಳುವುದು ಅದಕ್ಕೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಶುರುವಾಗಿ, 1943ರಿಂದ 1947ರವರೆಗೆ ಹೊಡೆದ ಕಂಚಿನ ಪೈಸೆ, ಆಗ ರೂಪಾಯಿಗೆ 64. ಬೆಲೆ ಏನೂ ಇಲ್ಲ. ಆದರೆ ಕೈಯಲ್ಲಿ ಉಜ್ಜಿದಾಗ 1944 ಅಂತ ಕಂಡಿತಲ್ಲ, ಆ ರಾತ್ರಿ ನಿದ್ದೆ ಬರಲಿಲ್ಲ. ಇಲ್ಲೇ ಇನ್ನೆಷ್ಟು ಉಂಟೋ!

ಹಾಗೆ ಬಂತು ಅಗ್ಗದ್ದು. ಪೆಟ್ಟಿಗೆಯ ಮೇಲೆ ಒಂದು ಮೀಟರ್ ಆಳ ಅಂತ ಬರೆದಿತ್ತು. ನಾಣ್ಯದಷ್ಟು ಸಣ್ಣ ವಸ್ತು ಮೀಟರ್ ಆಳದಲ್ಲಿದ್ದರೆ ಇಂಥ ಹವ್ಯಾಸದ ಯಂತ್ರ ಯಾವುದಕ್ಕೂ ಕೇಳುವುದಿಲ್ಲ, ಒಂದು ಗೇಣು ಸಿಕ್ಕಿದರೆ ಪುಣ್ಯ ಅಂತ ಆಗ ನನಗೆ ಗೊತ್ತಿರಲಿಲ್ಲ. ಅದು ಸಣ್ಣ ಮೋಸ, ಬಿಡಿ. ದೊಡ್ಡ ತಲೆನೋವು ನಮ್ಮ ಮಣ್ಣೇ.

ಸಿಮೆಂಟಿನ ಜಗಲಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಾಣ್ಯ ಇಟ್ಟು ನೋಡಿದರೆ ಯಂತ್ರ ಚಂದ ಕೂಗುತ್ತದೆ. ಅಂಗಳ ದಾಟಿ ಗುಡ್ಡದ ಬದಿಗೆ ಹೋದ ಕೂಡಲೇ ಶುರು, ಎಲ್ಲಿ ಹಿಡಿದರೂ ಕುಂಯ್ ಕುಂಯ್. ಕೋಲಿನ ತುದಿಯ ತಟ್ಟೆ, ಅಂದರೆ ಕಾಯಿಲ್, ಎತ್ತಿದರೆ ಒಂದು ಸ್ವರ, ಇಳಿಸಿದರೆ ಇನ್ನೊಂದು. ಮನೆ ಅಡಿಯ ಪಡು ಬದಿಯಲ್ಲಿ ಒಂದು ಜಾಗದಲ್ಲಂತೂ ಎಷ್ಟು ಜೋರು ಅಂದರೆ ನಾನು ಓಡಿಹೋಗಿ ಪಿಕ್ಕಾಸು ತಂದೆ. ಒಂದು ಮೊಳ ಅಗೆದೆ. ಗುಂಡಿಯ ತಳ ಕೂಗುತ್ತದೆ, ಗುಂಡಿಯ ಬದಿ ಕೂಗುತ್ತದೆ, ತೆಗೆದು ಹಾಕಿದ ಮಣ್ಣಿನ ರಾಶಿಯೂ ಕೂಗುತ್ತದೆ. ಸಿಕ್ಕಿದ್ದು ಎರಡು ಮಸಿ ತುಂಡು, ಇಟ್ಟಿಗೆಯ ಹಾಗೆ ಕೆಂಪಾದ ಸುಟ್ಟ ಹೆಂಟೆಗಳು. ಸಂಜೆ ಅತ್ತೆ ಬಂದವರು ಗುಂಡಿ ನೋಡಿ, "ಅದು ಬಚ್ಚಲ ಒಲೆ ಇದ್ದ ಜಾಗ ಅಲ್ವಾ ಮಾರಾಯ, ಎಂತ ಹುಡುಕುದು ನೀನು ಅಲ್ಲಿ?" ಅಂದರು.

ಆಮೇಲೆ ಓದಿ ತಿಳಿದುಕೊಂಡೆ. ಕೆಂಪುಕಲ್ಲಿನ ನೆಲ ಅಂದರೆ ಲಕ್ಷಾಂತರ ವರ್ಷಗಳ ಮಳೆ ಉಳಿದದ್ದನ್ನೆಲ್ಲ ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಬಿಟ್ಟುಹೋದ ನೆಲ. ಬ್ರಿಟಿಷರ ಕಾಲದ ಸರ್ವೆಯವ ಬುಕಾನನ್ ತನ್ನ 1807ರ ಪುಸ್ತಕದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದೂ ನಮ್ಮದೇ ಕೇರಳದ ಅಂಗಾಡಿಪುರದ ಕಲ್ಲು ನೋಡಿಯೇ. ಡಿಟೆಕ್ಟರ್ ಮಣ್ಣಿಗೆ ಕಾಂತದ ಅಲೆ ಬಿಡುತ್ತದೆ, ಲೋಹ ಅದಕ್ಕೆ ಉತ್ತರ ಕೊಡುತ್ತದೆ. ಮಣ್ಣಲ್ಲೇ ಕಾಂತಕ್ಕೆ ಒಗ್ಗುವ ಕಬ್ಬಿಣ ಇದ್ದರೆ ಮಣ್ಣೂ ಉತ್ತರ ಕೊಡುತ್ತದೆ. ಸುಟ್ಟರೆ ಈ ಗುಣ ಇನ್ನೂ ಜಾಸ್ತಿ. ಅಂದರೆ ಐವತ್ತು ವರ್ಷ ಸ್ನಾನದ ನೀರು ಕಾಯಿಸಿದ ಒಲೆಯಡಿ ನನ್ನ ಏಳು ಸಾವಿರದ ಯಂತ್ರಕ್ಕೆ ಚಿನ್ನದ ಗಣಿಯ ಹಾಗೆ ಕಂಡಿತು!

ಇದನ್ನು ತಡೆಯಲಿಕ್ಕೆ ಇರುವುದೇ ಗ್ರೌಂಡ್ ಬ್ಯಾಲೆನ್ಸ್. "ಇದು ಮಣ್ಣಿನ ಸ್ವರ, ಇದನ್ನು ಲೆಕ್ಕಕ್ಕೆ ಹಿಡಿಯಬೇಡ" ಅಂತ ಯಂತ್ರಕ್ಕೆ ಹೇಳಿಕೊಡುವುದು. ನನ್ನ ಅಗ್ಗದ್ದರಲ್ಲಿ ಅದಕ್ಕೊಂದು ತಿರುಗಿಸುವ ಗುಬ್ಬಿಯೂ ಇರಲಿಲ್ಲ. ಒಳಗೇ ಒಂದು ಅಳತೆಗೆ ಕೂರಿಸಿಬಿಟ್ಟಿದ್ದಾರೆ, ಆ ಅಳತೆ ಯಾವ ಊರಿನ ಮಣ್ಣಿನದೋ.

ಇಷ್ಟಕ್ಕೇ ಮುಗಿದಿದ್ದರೆ ಮೂಲೆಗಿಟ್ಟು ಸುಮ್ಮನಾಗುತ್ತಿದ್ದೆ. ಆದರೆ ನಾನೊಂದು ಬುದ್ಧಿವಂತಿಕೆ ಮಾಡಿದ್ದೆ. ಯಂತ್ರ ಬಂದ ಮೊದಲ ವಾರವೇ, ಟೆಸ್ಟ್ ಮಾಡೋಣ ಅಂತ ಅಮ್ಮನ ಪೆಟ್ಟಿಗೆಯಲ್ಲಿದ್ದ ಜಾರ್ಜ್ ರಾಜನ ಬೆಳ್ಳಿ ರೂಪಾಯಿ ಕೇಳಿ ತೆಗೆದುಕೊಂಡು, ಮನೆ ಅಡಿಯಲ್ಲಿ ಅರ್ಧ ಗೇಣು ಕೆಳಗೆ ಹೂತು, ಗುರುತಿಗೆ ಹಿಡಿಸೂಡಿಯ ಕಡ್ಡಿ ಚುಚ್ಚಿ ಇಟ್ಟೆ. ಆ ರಾತ್ರಿ ಮಳೆ ಬಂತು. ಬೆಳಿಗ್ಗೆ ಕೋಳಿಗಳು ಅಲ್ಲೆಲ್ಲ ಕೆದಕಿದ್ದವು. ಕಡ್ಡಿ ಇಲ್ಲ. ಎಲ್ಲಿ ಹಿಡಿದರೂ ಕೂಗುವ ಯಂತ್ರದಲ್ಲಿ ಒಂದು ರೂಪಾಯಿ ಹುಡುಕುವುದು ಹೇಗೆ? ಮೂರು ವಾರ ಅಮ್ಮ ದಿನಾ ಊಟಕ್ಕೆ ಬಡಿಸುವಾಗ ಕೇಳಿದರು, "ಸಿಕ್ಕಿತಾ?"

ಸಿಂಪ್ಲೆಕ್ಸ್ ತೆಗೆದುಕೊಂಡದ್ದು ಅಮ್ಮನ ಬಾಯಿಗೆ ಹೆದರಿ ಅಂದರೂ ತಪ್ಪಿಲ್ಲ. ಮಂಗಳೂರಿನ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಸಿಕ್ಕಿತು, 22 ಸಾವಿರ. ಆ ಸಲದ ಅಡಕೆ ದುಡ್ಡಲ್ಲಿ ಅಷ್ಟು ಪಾಲು ಹೋಯಿತು. ಬಂದ ದಿನವೇ ಮನೆ ಅಡಿಗೆ ಹೋಗಿ, ಲೋಹ ಏನೂ ಇಲ್ಲದ ಜಾಗ ನೋಡಿ, ಬಟನ್ ಒತ್ತಿ ಹಿಡಿದುಕೊಂಡು ಕಾಯಿಲನ್ನು ನೆಲದ ಹತ್ತಿರ ಮೇಲೆ ಕೆಳಗೆ ಆಡಿಸಿದೆ. ನಾಲ್ಕೈದು ಸಲ ಆಡಿಸುವಷ್ಟರಲ್ಲಿ ಸ್ವರ ಸಣ್ಣದಾಗುತ್ತಾ ಬಂದು ನಿಂತೇ ಹೋಯಿತು. ಪರದೆಯಲ್ಲಿ ಮಣ್ಣಿನ ಲೆಕ್ಕದ ನಂಬರ್ 80ರ ಆಚೀಚೆ. ಸೆನ್ಸಿಟಿವಿಟಿ ಎರಡು ಹಂತ ಇಳಿಸಿದೆ. ಆಮೇಲೆ ಆ ಮೌನ ಇತ್ತಲ್ಲ, ಅದಕ್ಕೇ 22 ಸಾವಿರ ಕೊಡಬಹುದು. ಒಲೆಯ ಜಾಗದಲ್ಲಿ ಮತ್ತೆ ಸ್ವಲ್ಪ ಗೊಣಗಿತು, ಅಲ್ಲೇ ನಿಂತು ಇನ್ನೊಂದು ಸಲ ಬ್ಯಾಲೆನ್ಸ್ ಮಾಡಿದೆ, ತೆಪ್ಪಗಾಯಿತು. ಇಪ್ಪತ್ತು ನಿಮಿಷದಲ್ಲಿ ಒಂದು ಗಟ್ಟಿ ಸ್ವರ, ಆಚೆಯಿಂದ ಬೀಸಿದರೂ ಈಚೆಯಿಂದ ಬೀಸಿದರೂ ಅಲ್ಲಾಡದ ದೊಡ್ಡ ನಂಬರ್ (ಯಾವ ಲೋಹ ಅಂತ ಅಂದಾಜು ಹೇಳುವ ನಂಬರ್ ಇದು, ಬೆಳ್ಳಿಗೆ ದೊಡ್ಡದು). ನಾನು ಹುಡುಕುತ್ತಿದ್ದ ಜಾಗಕ್ಕಿಂತ ಎರಡು ಮಾರು ಆಚೆ, ಅಮ್ಮನ ರೂಪಾಯಿ.

ಇನ್ನು ಭಾವನ ವ್ಯಾನ್‌ಕ್ವಿಶ್. ಅದು ಕೆಟ್ಟದ್ದಲ್ಲವೇ ಅಲ್ಲ. ಕೈಗೆ ತೆಗೆದುಕೊಂಡ ಕೂಡಲೇ ಬಳಸಲಿಕ್ಕೆ ಅದರಷ್ಟು ಸುಲಭ ಬೇರೆ ಇಲ್ಲ. ಕಾಯಿನ್, ಜುವೆಲ್ಲರಿ, ಆಲ್ ಮೆಟಲ್ ಅಂತ ಮೂರೇ ಮೋಡ್. ಹತ್ತು ವರ್ಷದ ನನ್ನ ಮಗಳು ಏನೂ ಹೇಳಿಕೊಡದೆ ಆಡಿಸಿದಳು. ಒಂದೇ ಸಲಕ್ಕೆ ಬೇರೆ ಬೇರೆ ಫ್ರೀಕ್ವೆನ್ಸಿ ಬಿಡುವ ಯಂತ್ರ ಅದು, ಸಿಂಪ್ಲೆಕ್ಸಿನದು 12 ಕಿಲೋಹರ್ಟ್ಸ್ ಒಂದೇ. ಇದರ ವ್ಯತ್ಯಾಸ ಗೊತ್ತಾಗಬೇಕಾದರೆ ಸಮುದ್ರಕ್ಕೆ ಹೋಗಬೇಕು. ಉಪ್ಪುನೀರಿನಲ್ಲಿ ಕರೆಂಟ್ ಹಾಯುತ್ತದೆ, ಹಾಗಾಗಿ ಒದ್ದೆ ಮರಳೇ ಲೋಹದ ಹಾಗೆ ಉತ್ತರ ಕೊಡುತ್ತದೆ, ಒಂದೇ ಫ್ರೀಕ್ವೆನ್ಸಿಯ ಯಾವ ಯಂತ್ರಕ್ಕೂ ಅಲ್ಲಿ ಕಷ್ಟವೇ. ಕಣ್ವತೀರ್ಥದ ಕಡಲ ಬದಿಯಲ್ಲಿ ಭಾವನೂ ನಾನೂ ಒಂದು ಭಾನುವಾರ ಜೊತೆಗೆ ಹೋದೆವು. ಒಣ ಮರಳಲ್ಲಿ ಇಬ್ಬರೂ ಸರಿಸಮ. ಅಲೆ ಬಂದು ಹೋಗುವ ಜಾಗದಲ್ಲಿ ಭಾವ ಐದು ರೂಪಾಯಿಯ ಮೂರು ನಾಣ್ಯ, ಒಂದು ಬೆಳ್ಳಿಯ ಕಾಲುಂಗುರ ತೆಗೆದರು. ನಾನು ಬೀಚ್ ಮೋಡಿಗೆ ಹಾಕಿ, ಸೆನ್ಸಿಟಿವಿಟಿ ಇಳಿಸಿ, ಕಡೆಗೆ ಸೋಡಾ ಬಾಟಲಿಯ ಮುಚ್ಚಳ ಹಿಡಿದುಕೊಂಡು ಬಂದೆ.

ಹಾಗಾದರೆ ಅದೇ ಮೇಲಲ್ವಾ? ಸಮುದ್ರದ ಹತ್ತಿರ ಮನೆ ಇದ್ದರೆ ಹೌದು. ಉಪ್ಪಳ, ಕುಂಬಳೆ, ಮಂಜೇಶ್ವರದವರಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ನಾನು ಗುಡ್ಡದವ. ಮಣ್ಣಿನ ಲೆಕ್ಕವನ್ನು ವ್ಯಾನ್‌ಕ್ವಿಶ್ ತಾನೇ ನೋಡಿಕೊಳ್ಳುತ್ತದೆ, ನಮ್ಮ ಕೈಗೆ ಕೊಡುವುದಿಲ್ಲ. ಹೆಚ್ಚಿನವರಿಗೆ ಅದೇ ಸುಖ. ಬಚ್ಚಲ ಒಲೆಯಲ್ಲಿ ಮರ್ಯಾದೆ ಕಳೆದುಕೊಂಡ ನನಗೆ ಮಾತ್ರ ಬಟನ್ ನನ್ನ ಕೈಯಲ್ಲೇ ಇರಬೇಕು.

ಮಳೆ ಇನ್ನೊಂದು ಕಾರಣ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಬೇಸಗೆಯಲ್ಲಿ ಈ ನೆಲಕ್ಕೆ ಪಿಕ್ಕಾಸು ಹಾಕಿದರೆ ಕಿಡಿ ಹಾರುತ್ತದೆ, ಅಗೆಯಲಿಕ್ಕೆ ಆಗುವುದು ಮಳೆಗಾಲದಲ್ಲೇ. ಸಿಂಪ್ಲೆಕ್ಸನ್ನು ಮೂರು ಮೀಟರ್ ನೀರಲ್ಲಿ ಮುಳುಗಿಸಬಹುದು ಅಂತ ಕಂಪನಿ ಹೇಳುತ್ತದೆ. ನಾನು ಮುಳುಗಿಸಿಲ್ಲ, ತೋಡಿನಲ್ಲಿ ಮೊಣಕಾಲು ನೀರಲ್ಲಿ ಆಡಿಸಿದ್ದೇನೆ, ಜಡಿಮಳೆಯಲ್ಲಿ ಹಿಡಿದುಕೊಂಡು ನಿಂತಿದ್ದೇನೆ. ವ್ಯಾನ್‌ಕ್ವಿಶಿನ ಕಾಯಿಲ್ ನೀರಿಗೆ ಆಗುತ್ತದೆ, ಮೇಲಿನ ಪೆಟ್ಟಿಗೆ ಆಗುವುದಿಲ್ಲ.

ಬ್ಯಾಟರಿ: ವ್ಯಾನ್‌ಕ್ವಿಶಿಗೆ ನಾಲ್ಕು ಪೆನ್ಸಿಲ್ ಸೆಲ್, ಸಿಂಪ್ಲೆಕ್ಸಿಗೆ ಚಾರ್ಜರ್. ಪೆರ್ಲದ ಅಂಗಡಿಯಲ್ಲಿ ಸೆಲ್ ಸಿಗುತ್ತದೆ, ಮಳೆಗಾಲದಲ್ಲಿ ಕರೆಂಟ್ ಸಿಗುವುದಿಲ್ಲ, ಆದ್ದರಿಂದ ಈ ಅಂಕ ಭಾವನಿಗೆ.

ತೂಕ ಎರಡೂ ಒಂದೇ, ಒಂದೂಕಾಲು ಕಿಲೋದ ಆಸುಪಾಸು. ನಾನು ಹುಡುಕುವುದು ತೋಟದ ಕೆಲಸ ಮುಗಿಸಿ ಆರು ಗಂಟೆಯ ಮೇಲೆ, ಸಿಂಪ್ಲೆಕ್ಸಿನ ಹಿಂದೆ ಒಂದು ಸಣ್ಣ ಟಾರ್ಚ್ ಉಂಟು, ಅದು ತುಂಬಾ ಉಪಕಾರ.

ಒಂದು ವಿಷಯದಲ್ಲಿ ಮೂರೂ ಒಂದೇ. ನಮ್ಮ ಈಗಿನ ಒಂದು, ಎರಡು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನವು, ಒಂದು ರೂಪಾಯಿ 1992ರಿಂದ ಹಾಗೆ. ಯಂತ್ರಗಳಿಗೆ ಇದು ಅರ್ಥವಾಗುವುದಿಲ್ಲ. ಒಮ್ಮೆ ಕಬ್ಬಿಣ ಅನ್ನುತ್ತದೆ, ಮರುಬೀಸಿಗೆ ದೊಡ್ಡ ನಂಬರ್ ತೋರಿಸುತ್ತದೆ, ಸೋಡಾ ಮುಚ್ಚಳಕ್ಕೆ ಮಾಡುವ ಹಾಗೆಯೇ. ಮೊಳೆ ಬೇಡ ಅಂತ ಯಂತ್ರದಲ್ಲಿ ಕಬ್ಬಿಣದ ಸ್ವರ ಮುಚ್ಚಿಬಿಟ್ಟರೆ ಆ ನಾಣ್ಯಗಳೂ ಹೋದವು ಅಂತ ತಿಳಿಯಿರಿ. ನನಗೆ ಬೇಜಾರಿಲ್ಲ. ಹಳೇ ಮನೆ ಅಡಿ ಅಂದರೆ ಹಂಚಿನ ಮಾಡಿನ ಪಕ್ಕಾಸಿಗೆ ಹೊಡೆದ ಮೊಳೆಗಳ ಊರು, ಅದನ್ನು ಮುಚ್ಚದಿದ್ದರೆ ಕೆಲಸವೇ ಸಾಗುವುದಿಲ್ಲ. ಕಂಚು, ತಾಮ್ರ, ಬೆಳ್ಳಿ ಚೆನ್ನಾಗಿ ಕೇಳುತ್ತದೆ, ಹೂವಿನ ಅಂಚಿನ ಅಲ್ಯೂಮಿನಿಯಂ ಹತ್ತು ಪೈಸೆಯೂ ಕೇಳುತ್ತದೆ. ಗುಟ್ಕಾ ಪ್ಯಾಕೆಟಿನ ಒಳಗಿನ ಹಾಳೆಯೂ ಕೇಳುತ್ತದೆ, ಅದು ಬೇರೆ ಮಾತು.

ಈವರೆಗೆ ಸಿಕ್ಕಿದ್ದು ಒಂಬತ್ತು ಒಟ್ಟೆ ಮುಕ್ಕಾಲು, ಹತ್ತು ಪೈಸೆ ಒಂದು ಮುಷ್ಟಿ, ಆಣೆ ನಾಣ್ಯ ಎರಡು, ಮತ್ತೆ ಅಡಕೆಗೆ ಮದ್ದು ಬಿಡುವ ಪಂಪಿನ ಹಿತ್ತಾಳೆ ನೋಜಲ್ ಐದು. ಅಜ್ಜ ಕೆಲಸದವರಿಗೆ ಬೈಯುತ್ತಿದ್ದದ್ದು ಈ ನೋಜಲ್ ಕಳೆದದ್ದಕ್ಕೇ ಅಂತೆ.

ಎಲ್ಲಿ ಆಡಿಸಬಾರದು ಅಂತಲೂ ಹೇಳಬೇಕು. ಬೇಕಲ ಕೋಟೆ ಪುರಾತತ್ವ ಇಲಾಖೆಯದು, ಅಂಥ ಕಡೆ ಯಂತ್ರ ಹಿಡಿದುಕೊಂಡು ಹೋಗಬೇಡಿ. ನಿಮ್ಮದೇ ಜಾಗದಲ್ಲಾದರೂ ನಿಧಿ ಅನ್ನುವಂಥದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು, ಕೇರಳದಲ್ಲಿ ಅದಕ್ಕೆ 1968ರ ಕಾಯ್ದೆಯೇ ಉಂಟು. ಪಕ್ಕದ ಮನೆಯವರು ಬೇಲಿಯ ಮೇಲಿಂದ "ನಿಧಿ ಸಿಕ್ಕಿತಾ?" ಅಂತ ಕೇಳುವುದಕ್ಕೆ ಮಾತ್ರ ಯಾವ ಕಾಯ್ದೆಯೂ ಇಲ್ಲ.

ಹತ್ತು ಸಾವಿರದೊಳಗೇ ಬೇಕು ಅಂದರೆ ನನ್ನ ಉತ್ತರ, ಇನ್ನೊಂದು ಕೊಯ್ಲಿನವರೆಗೆ ಕಾಯಿರಿ. ಕಾಯಲಿಕ್ಕೆ ಆಗದಿದ್ದರೆ ನನ್ನ ಅಗ್ಗದ್ದು ಕಟ್ಟಿಗೆ ಕೊಟ್ಟಿಗೆಯಲ್ಲಿ ನೇತಾಡುತ್ತಿದೆ, ಕಾಡು ತೆಗೆಯುವ ಮೆಷಿನ್ ಹಾಕುವ ಮುಂಚೆ ಹಳೇ ಬೇಲಿಯ ತಂತಿ ಹುಡುಕಲು ತೋಟದ ಕಡೆ ಅದು ಸಾಕಾಗುತ್ತದೆ, ಸುಮ್ನೆ ತೆಗೆದುಕೊಂಡು ಹೋಗಿ. ವ್ಯಾನ್‌ಕ್ವಿಶನ್ನು ಮೊನ್ನೆ ಭಾವನಿಗೆ ವಾಪಸ್ ಕೊಟ್ಟೆ. ಸಿಂಪ್ಲೆಕ್ಸಿಗೆ ಹೊಸ ಜಾಗದಲ್ಲಿ ಟೆಸ್ಟ್ ಬೇಕಾದರೆ ಅಮ್ಮ ಈಗ ಕೊಡುವುದು ಹತ್ತು ಪೈಸೆ ಮಾತ್ರ. ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲಿದೆ.