ಟಾಸ್ಕ್ ಶೆಡ್ಯೂಲರ್: ಆಫೀಸಿಗೆ ಬೀಗ ಹಾಕಿದ ಮೇಲೆ ಎಷ್ಟು ನಂಬಬಹುದು?

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಇರಲಿ, ಹಾಸನದ ಮಂಡಿ ಲೆಕ್ಕದ ಆಫೀಸಿರಲಿ, ಮೂಲೆಯಲ್ಲೊಂದು ಟವರ್ ಸರ್ವರ್, ಪಕ್ಕದಲ್ಲಿ ಯುಪಿಎಸ್, ಬ್ಯಾಕಪ್‌ಗೊಂದು ಎನ್ಎಎಸ್ (ನೆಟ್‌ವರ್ಕಿನಲ್ಲಿ ಫೈಲ್ ಇಡುವ ಡಿಸ್ಕ್) ಪೆಟ್ಟಿಗೆ. ರಾತ್ರಿ 11ಕ್ಕೆ ಡೇಟಾಬೇಸ್ ಬ್ಯಾಕಪ್ ಆಗಬೇಕು, ಬೆಳಗ್ಗೆ 6ಕ್ಕೆ ಹಿಂದಿನ ದಿನದ ವೇಬ್ರಿಡ್ಜ್ ತೂಕದ ರಿಪೋರ್ಟ್ ತಯಾರಿರಬೇಕು. ಈ ಕೆಲಸಗಳನ್ನು ಹೊತ್ತಿರುವುದು ವಿಂಡೋಸ್ ಜೊತೆಗೇ ಬರುವ ಟಾಸ್ಕ್ ಶೆಡ್ಯೂಲರ್. ಬೇರೆ ದುಡ್ಡು ಕೊಡಬೇಕಿಲ್ಲ, ಹೊತ್ತಿಗೆ ಸರಿಯಾಗಿ ಏಳುತ್ತದೆ. ಆದರೂ ಅದರ ಮೇಲಿನ ದೂರು ಎಲ್ಲ ಕಡೆ ಒಂದೇ: "ನಾವು ಲಾಗಿನ್ ಆಗಿದ್ರೆ ಓಡುತ್ತೆ, ಲಾಗ್ ಆಫ್ ಮಾಡಿದ್ರೆ ಓಡಲ್ಲ."

ಮೊದಲು ನೋಡಬೇಕಾದ್ದು ಜನರಲ್ ಟ್ಯಾಬ್. ಹೊಸ ಟಾಸ್ಕ್ ಮಾಡಿದಾಗ ಅದು ತಾನಾಗಿ "ರನ್ ಓನ್ಲಿ ವೆನ್ ಯೂಸರ್ ಈಸ್ ಲಾಗ್ಡ್ ಆನ್" ಎಂಬುದರ ಮೇಲೆ ನಿಂತಿರುತ್ತದೆ. ಸರ್ವರಿಗೆ ಇದು ಸಲ್ಲದ ಆಯ್ಕೆ, ಮೋಸ ಹೋಗುವುದೂ ಇಲ್ಲೇ. ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯನ್ನು ಗುಣಾಕಾರದ ಗುರುತು ಒತ್ತಿ ಮುಚ್ಚಿದರೆ ಸಂಪರ್ಕ ಕಡಿಯುತ್ತದೆ ಅಷ್ಟೇ, ನಿಮ್ಮ ಲಾಗಿನ್, ಅಂದರೆ ಸೆಷನ್, ಒಳಗೆ ಬದುಕಿಯೇ ಇರುತ್ತದೆ. ಹಾಗಾಗಿ ಟಾಸ್ಕ್ ತಿಂಗಳುಗಟ್ಟಲೆ ಸರಿಯಾಗಿ ಓಡುತ್ತದೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು, ಯುಪಿಎಸ್ ಬರಿದಾಗಿ, ಸರ್ವರ್ ಒಮ್ಮೆ ಆಫ್ ಆಗಿ ಆನ್ ಆಯಿತೆಂದರೆ ಆ ಸೆಷನ್ ಹೋಯಿತು. ಅಂದಿನಿಂದ ಬ್ಯಾಕಪ್ ಇಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಟಾಸ್ಕಿನ ಹಿಸ್ಟರಿ ಟ್ಯಾಬಿನಲ್ಲಿ 332 ಸಂಖ್ಯೆಯ ಈವೆಂಟ್ ಕಂಡರೆ ಕಾರಣ ಇದೇ. ಹಿಸ್ಟರಿ ಹಲವು ಯಂತ್ರಗಳಲ್ಲಿ ಆಫ್ ಆಗಿಯೇ ಇರುತ್ತದೆ. ಬಲಬದಿಯ "ಎನೇಬಲ್ ಆಲ್ ಟಾಸ್ಕ್ಸ್ ಹಿಸ್ಟರಿ" ಒತ್ತದೆ ಮುಂದೆ ಹೋಗಬೇಡಿ.

ಸರಿ, "ರನ್ ವೆದರ್ ಯೂಸರ್ ಈಸ್ ಲಾಗ್ಡ್ ಆನ್ ಆರ್ ನಾಟ್" ಆರಿಸಿದಿರಿ, ಪಾಸ್‌ವರ್ಡ್ ಕೊಟ್ಟಿರಿ. ಅರ್ಧ ಕೆಲಸ ಮುಗಿಯಿತು. ಈಗ ಟಾಸ್ಕ್ ಓಡುವುದು ಸೆಷನ್ 0ಯಲ್ಲಿ, ಅಂದರೆ ಯಾರ ತೆರೆಗೂ ಕಾಣದ ಹಿನ್ನೆಲೆಯ ಸೆಷನ್ನಿನಲ್ಲಿ. ನಿಮ್ಮ ಲಾಗಿನ್‌ನಲ್ಲಿ ಎನ್ಎಎಸ್ ಫೋಲ್ಡರಿಗೆ ಮ್ಯಾಪ್ ಮಾಡಿಟ್ಟ ಝಡ್ ಡ್ರೈವ್ ಅಲ್ಲಿಲ್ಲ. ಟಾಸ್ಕ್ ಓಡಿಸುವ ಬ್ಯಾಚ್ ಫೈಲಿನಲ್ಲಿ (ಕಮಾಂಡುಗಳ ಪಟ್ಟಿ) ಎರಡು ಓರೆಗೆರೆಯಿಂದ (\\) ಶುರುವಾಗುವ ಪೂರ್ತಿ ನೆಟ್‌ವರ್ಕ್ ದಾರಿಯನ್ನೇ ಬರೆಯಬೇಕು. ತೆರೆಯ ಮೇಲೆ ಏನೂ ಮೂಡುವುದಿಲ್ಲ, ಕೀ ಒತ್ತುವವರೂ ಇಲ್ಲ. ಫೈಲಿನ ಕೊನೆಯಲ್ಲಿ ಅಭ್ಯಾಸಬಲದಿಂದ ಬರೆದ, ಕೀ ಒತ್ತುವವರೆಗೆ ಕಾಯಿಸುವ "ಪಾಝ್" (pause) ಸಾಲೊಂದು ಸಾಕು, ಟಾಸ್ಕ್ ಬೆಳಗಿನವರೆಗೂ ಕಾಯುತ್ತ ಕೂರುತ್ತದೆ. ಲಾಸ್ಟ್ ರನ್ ರಿಸಲ್ಟ್‌ನಲ್ಲಿ 41301, ಅಂದರೆ ಇನ್ನೂ ಓಡುತ್ತಿದೆ. ಮರುರಾತ್ರಿ ಹೊಸ ಸುತ್ತು ಶುರುವಾಗುವುದೇ ಇಲ್ಲ, ಹಿಸ್ಟರಿಯಲ್ಲಿ 322 ದಾಖಲಾಗುತ್ತದೆ. ತಾನಾಗಿ ನಿಲ್ಲಿಸುವ ಗಡುವು 3 ದಿನ. ಅರ್ಧ ಗಂಟೆಯ ಬ್ಯಾಕಪ್‌ಗೆ ಅದನ್ನು 2 ಗಂಟೆಗೆ ಇಳಿಸಿಬಿಡಿ. ರಿಪೋರ್ಟಿಗೆ ಎಕ್ಸೆಲ್ ತೆರೆಯುವ ಸ್ಕ್ರಿಪ್ಟ್‌ಗಳದ್ದೂ ಇದೇ ಗತಿ. ಮನುಷ್ಯರಿಲ್ಲದೆ ಆಫೀಸ್ ತಂತ್ರಾಂಶ ಓಡಿಸುವುದಕ್ಕೆ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಫೈಲ್ ಬರೆಸಿ, ತೊಂದರೆ ತಪ್ಪುತ್ತದೆ.

"ಡು ನಾಟ್ ಸ್ಟೋರ್ ಪಾಸ್‌ವರ್ಡ್" ಎಂಬ ಟಿಕ್ ನೋಡಲು ಸುರಕ್ಷಿತ. ಅದನ್ನು ಹಾಕಿದರೆ ಟಾಸ್ಕ್‌ಗೆ ಅದೇ ಯಂತ್ರದ ಫೈಲುಗಳು ಮಾತ್ರ ಸಿಗುತ್ತವೆ, ಎನ್ಎಎಸ್ ಸಿಗುವುದಿಲ್ಲ. ಡೊಮೇನ್ (ಎಲ್ಲರ ಖಾತೆಗಳನ್ನೂ ಒಂದೇ ಕಡೆ ನಿಭಾಯಿಸುವ ವ್ಯವಸ್ಥೆ) ಇಲ್ಲದ ಸಣ್ಣ ಆಫೀಸಿನಲ್ಲಿ ವಿಂಡೋಸ್‌ನದೇ ಆದ ಸಿಸ್ಟಮ್ ಖಾತೆಯಿಂದ ಓಡಿಸಿದರೂ ಎನ್ಎಎಸ್ ಅದನ್ನು ಗುರುತು ಹಿಡಿಯುವುದಿಲ್ಲ. ಬ್ಯಾಕಪ್‌ಗೆಂದೇ ಬೇರೆ ಖಾತೆ ತೆರೆದು, ಅದೇ ಹೆಸರು ಮತ್ತು ಪಾಸ್‌ವರ್ಡನ್ನು ಎನ್ಎಎಸ್‌ನಲ್ಲೂ ಕೊಡುವುದು ಗಟ್ಟಿ ದಾರಿ. ಮ್ಯಾನೇಜರ್ ಖಾತೆಯಿಂದ ಟಾಸ್ಕ್ ಓಡುತ್ತಿದ್ದು ಅವರು ಪಾಸ್‌ವರ್ಡ್ ಬದಲಿಸಿದರೆ, ಹಳೆಯದನ್ನೇ ಹಿಡಿದ ಟಾಸ್ಕ್ 8007052ಇ ಎಂದು ಬೀಳುತ್ತದೆ. 80070569 ಬಂದರೆ ಖಾತೆಗೆ "ಲಾಗ್ ಆನ್ ಆಸ್ ಎ ಬ್ಯಾಚ್ ಜಾಬ್" ಹಕ್ಕಿಲ್ಲ. ಲೋಕಲ್ ಸೆಕ್ಯುರಿಟಿ ಪಾಲಿಸಿಯ ಯೂಸರ್ ರೈಟ್ಸ್ ಅಸೈನ್‌ಮೆಂಟ್‌ನಲ್ಲಿ ಸೇರಿಸಿ.

"ಸ್ಟಾರ್ಟ್ ಇನ್" ಜಾಗಕ್ಕೆ ಆಪ್ಷನಲ್ ಎಂದು ಬರೆದಿರುವುದು ಈ ತಂತ್ರಾಂಶದ ಅತಿ ಕೆಟ್ಟ ಸಲಹೆ. ಖಾಲಿ ಬಿಟ್ಟರೆ ಸ್ಕ್ರಿಪ್ಟ್ ಸಿಸ್ಟಮ್32 ಫೋಲ್ಡರಿನಲ್ಲಿ ನಿಂತು ತನ್ನ ಫೈಲುಗಳನ್ನು ಹುಡುಕುತ್ತದೆ. ಸ್ಕ್ರಿಪ್ಟ್ ಇರುವ ಫೋಲ್ಡರಿನ ದಾರಿ ತುಂಬಿ, ಉದ್ಧರಣ ಚಿಹ್ನೆ ಮಾತ್ರ ಹಾಕಬೇಡಿ, ಹಾಕಿದರೆ ಫೋಲ್ಡರಿನ ಹೆಸರು ಸರಿಯಿಲ್ಲ ಎನ್ನುವ 8007010ಬಿ ದೋಷ ಬರುತ್ತದೆ.

ಮಲೆನಾಡಿನವರು ಮರೆಯದೆ ನೋಡಬೇಕಾದ್ದು ಕಂಡಿಷನ್ಸ್ ಟ್ಯಾಬ್. ಯುಪಿಎಸ್‌ಗೆ ಯುಎಸ್‌ಬಿ ತಂತಿ ಹಾಕಿದ್ದರೆ ವಿಂಡೋಸ್ ಅದನ್ನು ಬ್ಯಾಟರಿ ಎಂದೇ ಎಣಿಸುತ್ತದೆ. ಎಸಿ ಪವರ್ ಇದ್ದರೆ ಮಾತ್ರ ಶುರು ಮಾಡು, ಬ್ಯಾಟರಿಗೆ ಹೋದರೆ ನಿಲ್ಲಿಸು ಎಂಬ ಎರಡು ಟಿಕ್ ಮೊದಲೇ ಬಿದ್ದಿರುತ್ತವೆ. 11ಕ್ಕೆ ಐದು ನಿಮಿಷ ಕರೆಂಟ್ ಹೋದರೂ ಅಂದಿನ ಬ್ಯಾಕಪ್ ತಪ್ಪಿತು. ಎರಡನ್ನೂ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ, ತಪ್ಪಿದ ಟಾಸ್ಕನ್ನು ಆದಷ್ಟು ಬೇಗ ಓಡಿಸು ಎಂಬುದನ್ನು ಹಾಕಿ.

ಪರೀಕ್ಷಿಸಲು ಬ್ಯಾಚ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ನೋಡುವುದು ದಂಡ, ಅದು ನಿಮ್ಮದೇ ಸೆಷನ್ನಿನಲ್ಲಿ ಓಡುತ್ತದೆ. ಶೆಡ್ಯೂಲರಿನೊಳಗೆ ಟಾಸ್ಕ್ ಮೇಲೆ ರೈಟ್ ಕ್ಲಿಕ್ ಮಾಡಿ ರನ್ ಕೊಡಿ. ಫೈಲಿನ ತಲೆಯಲ್ಲಿ "ಹೂಆಮ್‌ಐ", "ಸಿಡಿ", "ನೆಟ್ ಯೂಸ್" ಎಂಬ ಮೂರು ಕಮಾಂಡ್ ಬರೆದು, ಎಲ್ಲದರ ಔಟ್‌ಪುಟ್ಟನ್ನೂ ದೋಷದ ಸಂದೇಶಗಳೂ ಸೇರುವಂತೆ 2>&1 ಸೇರಿಸಿ ಲಾಗ್ ಫೈಲಿಗೆ ಕಳಿಸಿ. ಯಾವ ಖಾತೆ, ಯಾವ ಫೋಲ್ಡರ್, ಯಾವ ಡ್ರೈವ್ ಎಂಬುದು ಮೂರೇ ಸಾಲಿನಲ್ಲಿ ಎದುರಿಗೆ ಬರುತ್ತದೆ. ಫೈಲ್ ಕಾಪಿ ಮಾಡುವ ರೋಬೊಕಾಪಿ ಕಮಾಂಡ್ ಬಳಸುವವರು ರಿಸಲ್ಟ್ 1 ಎಂದು ಬಂದರೆ ಗಾಬರಿಯಾಗಬೇಡಿ: ಫೈಲುಗಳು ಕಾಪಿಯಾದವು ಎಂದು ಅದರರ್ಥ. 8 ಮತ್ತು ಮೇಲಿನದ್ದು ಸೋಲು.

ದುಡ್ಡು ಕೊಟ್ಟು ಬೇರೆ ಶೆಡ್ಯೂಲರ್ ಕೊಳ್ಳಬೇಕೆ? ಈ ತೊಂದರೆಗೋಸ್ಕರವಾದರೆ ಬೇಡ. ಸರ್ವಿಸ್ ಆಗಿ, ಅಂದರೆ ಹಿನ್ನೆಲೆಯಲ್ಲಿ, ಓಡುವ ಯಾವ ಶೆಡ್ಯೂಲರಿಗೂ ಅದೇ ಸೆಷನ್ 0, ಅದೇ ಖಾತೆಯ ಹಕ್ಕುಗಳು. ಟಾಸ್ಕ್ ಶೆಡ್ಯೂಲರಿನ ನಿಜವಾದ ಕೊರತೆ ಎಂದರೆ ಸೋತಾಗ ಬಾಯಿ ಬಿಡದಿರುವುದು. ಇಮೇಲ್ ಕಳಿಸುವ ಆಯ್ಕೆಯನ್ನು ವಿಂಡೋಸ್ ಸರ್ವರ್ 2012ರಲ್ಲೇ ಕೈಬಿಡುವ ಪಟ್ಟಿಗೆ ಸೇರಿಸಿದರು. ಹಾಗಾಗಿ 5ಕ್ಕೆ 4 ಅಂಕ. ಕೊಯ್ಲಿನ ಕಾಲದಲ್ಲಿ ದಿನಕ್ಕೆ ನೂರಾರು ಮೂಟೆ ತೂಕ ದಾಖಲಾಗುವ ಜಾಗದಲ್ಲಿ, ಬಾಗಿಲು ತೆಗೆದವರು ಮೊದಲು ಎನ್ಎಎಸ್ ತೆರೆದು ನಿನ್ನೆ ರಾತ್ರಿಯ ಫೈಲಿನ ತಾರೀಖು ಮತ್ತು ಗಾತ್ರ ನೋಡಲಿ.